ಭರ್ತಿ

ಆ ಫೋನು ಬಂದದ್ದು ಸೋಮವಾರವೋ ಮಂಗಳವಾರವೋ, ನಾನು ಕಿಟಕಿಯ ಪಕ್ಕ ಕುಳಿತಿದ್ದೆನೋ ಇಲ್ಲವೋ, ಖಾತ್ರಿಯಿಲ್ಲ. ಇವನ್ನು ತಪ್ಪಾಗಿ ನೆನಪಿಟ್ಟುಕೊಂಡಿದ್ದರೂ ಯಾರಿಗೂ ನಷ್ಟವಿಲ್ಲ. ಆದರೆ ಆ ದಿನ ನಾನು ಆಡಿದ ಒಂದು ಮಾತು ನನಗೆ ಪೂರ್ತಿ ನೆನಪಿಲ್ಲ. ಅದರಿಂದ ನಷ್ಟವಾಗಿದೆ, ಅವ್ವನಿಗೆ.

ಭಾಲ್ಕಿಯ ಅಂಚಿನಲ್ಲಿ ಅವ್ವನದೊಂದು ಪ್ಲಾಟು ಇದೆ. ಶಾಲೆಯ ಕೆಲಸದಿಂದ ನಿವೃತ್ತಳಾದ ಮೇಲೆ ಅಲ್ಲಿ ಎರಡು ಕೋಣೆ ಕಟ್ಟಿಸಿಕೊಳ್ಳುವ ಆಸೆ ಅವಳಿಗೆ. ಅವಳಿದ್ದ ಬಾಡಿಗೆ ಮನೆಯ ಮಾಲೀಕರು ಮಗನ ಮದುವೆಯೆಂದು ದೀಪಾವಳಿಯೊಳಗೆ ಖಾಲಿ ಮಾಡಲು ಹೇಳಿದ್ದರು. ಪ್ಲಾಟು ತಗ್ಗಿನಲ್ಲಿತ್ತು. ಪಕ್ಕದ ಮನೆಯ ಕಡೆಯಿಂದ ಬರುವ ಮಳೆನೀರು ಅದರ ಮೇಲೆಯೇ ಹಾದು ನಾಲಾಕ್ಕೆ ಹೋಗುತ್ತಿತ್ತು. ಆದ್ದರಿಂದ ಮುರುಮ, ಅಂದರೆ ಕೆಂಪು ಗರಸು ಮಣ್ಣು, ಹಾಕಿ ಎತ್ತರಿಸುವ ಮೊದಲು ಪುರಸಭೆಯ ಪರವಾನಗಿ ಬೇಕಿತ್ತು. ನೆಲ ಎಷ್ಟು ಏರುತ್ತದೆ, ನೀರು ಯಾವ ಕಡೆ ಹರಿಯುತ್ತದೆ ಎಂಬ ನಕ್ಷೆ ಕೊಡಬೇಕು, ಪಕ್ಕದವರ ಒಪ್ಪಿಗೆ ಪತ್ರ ಲಗತ್ತಿಸಬೇಕು. ಇದನ್ನೆಲ್ಲ ಓದಿ ಅವ್ವನಿಗೆ ವಿವರಿಸಿದವಳು ನಾನೇ. ಓದಿದವಳೆಂಬ ಗತ್ತಿನಲ್ಲಿ, ಅಗತ್ಯಕ್ಕಿಂತ ಹೆಚ್ಚಾಗಿಯೇ ವಿವರಿಸಿದ್ದೆ.

ನಾನು ಬೀದರ್‌ನಿಂದ ದಿನಾ ಔರಾದದ ಕಾಲೇಜಿಗೆ ಹೋಗಿಬರುವವಳು. ಹೀಗಾಗಿ ಕಚೇರಿಯ ಓಡಾಟವನ್ನು ಖಟಕ ಚಿಂಚೋಳಿಯಲ್ಲಿರುವ ಮಾಮಾ, ಅವ್ವನ ತಮ್ಮ, ವಹಿಸಿಕೊಂಡಿದ್ದರು. ಅರ್ಜಿಯ ಫಾರಂ ತಂದಾಯಿತು, ಮುಂದೇನು ಎಂದು ಅವರು ಫೋನಿನಲ್ಲಿ ಕೇಳಿದಾಗ ನಾನಿದ್ದ ಬಸ್ಸು ಗಡಗಡ ಎನ್ನುತ್ತಿತ್ತು.

"ಭರ್ತಿ ಮಾಡಿಸಿಬಿಡ್ರಿ ಮಾಮಾ" ಎಂದೆ. ಅದರ ಹಿಂದೆ 'ಅರ್ಜಿ' ಎಂಬ ಶಬ್ದ ಇತ್ತೋ ಇಲ್ಲವೋ, ಜಗಳವೇ ಅದು.

ನಮ್ಮ ಕಡೆ ಅರ್ಜಿಯನ್ನೂ ಭರ್ತಿ ಮಾಡುತ್ತಾರೆ, ತಗ್ಗನ್ನೂ ಭರ್ತಿ ಮಾಡುತ್ತಾರೆ. ಮಾಮಾ ತಗ್ಗು ಭರ್ತಿ ಮಾಡಿಸಿದರು. ರಸ್ತೆಯ ಮಟ್ಟಕ್ಕೆ ಏರಿದ ಕೆಂಪು ನೆಲದ ಮೇಲೆ ನಿಂತ ಅವ್ವನ ಫೋಟೋ ನನ್ನ ಮೊಬೈಲಿಗೆ ಬಂತು. ಪರವಾನಗಿ ಬೇಗ ಸಿಕ್ಕಿತಲ್ಲ ಎಂದುಕೊಂಡೆ. ಕೇಳಬಹುದಿತ್ತು. ಕೇಳಲಿಲ್ಲ.

ಮೊದಲ ದೊಡ್ಡ ಮಳೆಗೆ ನೀರು ಹೋಗಲು ದಾರಿಯಿಲ್ಲದೆ ಪಕ್ಕದ ಮನೆಯ ಅಡುಗೆಮನೆ ಹೊಕ್ಕಿತು. ಆ ಮನೆಯಾಕೆ ಅವ್ವನ ಬಾಗಿಲಿಗೆ ಬಂದು ದನಿಯೇರಿಸದೆ ಹೇಳಿದಳಂತೆ: "ಟೀಚರಬಾಯಿ, ನಿಮ್ಮ ಜಾಗಾ ಎತ್ತರ ಆತ್ರಿ. ನಮ್ಮ ಒಲಿ ತಣ್ಣಗಾತು." ಅಲ್ಲಿಂದ ನೇರ ಕಚೇರಿಗೆ ಹೋಗಿ ದೂರು ಕೊಟ್ಟಳು. ಅವಳದೇನೂ ತಪ್ಪಿಲ್ಲ.

ನೋಟಿಸು ಬಂತು. ಮೂವರೂ ಹೋದೆವು. ಹಾಕಿದ ಮುರುಮ ತೆಗೆದು ನೆಲವನ್ನು ಮೊದಲಿನಂತೆ ಮಾಡಬೇಕು, ಆಮೇಲೆಯೇ ಹೊಸ ಅರ್ಜಿ ಎಂದರು ಮೇಜಿನ ಆಚೆಯವರು.

"ತಗೀಲಿಕ್ಕೂ ಪರವಾನಗಿ ಬೇಕೇನ್ರಿ?" ಅವ್ವ ಕೇಳಿದಳು.

"ಬೇಕ್ರಿ ಅಮ್ಮಾ. ಆ ಫಾರಂ ಬ್ಯಾರೆ ಅದ. ಭರ್ತಿ ಮಾಡಿ ತರ್ರಿ."

ಆ ಶಬ್ದ ಕೇಳಿ ಮಾಮಾ ನನ್ನನ್ನು ನೋಡಿದರು. ನಾನು ಅವರನ್ನು ನೋಡಿದೆ.

ದೀಪಾವಳಿ ಕಳೆಯಿತು. ಅವ್ವ ಈಗ ಬೀದರ್‌ನಲ್ಲಿ ನನ್ನ ಮನೆಯಲ್ಲಿದ್ದಾಳೆ. ಅವಳ ಟ್ರಂಕುಗಳ ಹಗ್ಗ ಇನ್ನೂ ಬಿಚ್ಚಿಲ್ಲ. ಯಾರು ವಿಚಾರಿಸಿದರೂ ನಾಲ್ಕು ದಿನಕ್ಕೆಂದು ಬಂದಿದ್ದೇನೆ ಅನ್ನುತ್ತಾಳೆ. ಮಾಮಾ ಮಾತ್ರ ನೆಂಟರ ಮುಂದೆಲ್ಲ ಒಂದೇ ಮಾತು ಹೇಳಿಕೊಂಡು ಬಂದಿದ್ದಾರೆ: "ಓದಿದಾಕಿ ಹೇಳ್ಯಾಳ, ನಾ ಮಾಡೀನಿ." ಕೈಯಲ್ಲಿ ಫಾರಂ ಹಿಡಿದವರಿಗೆ ಯಾವ ಭರ್ತಿ ಎಂದು ತಿಳಿಯದೇ ಹೋಯಿತೇ ಎಂದು ನಾನೂ ಅಷ್ಟೇ ಜನರ ಮುಂದೆ ಹೇಳಿದ್ದೇನೆ. ಹೇಳಿದಷ್ಟೂ ನನ್ನ ನೆನಪಿನಲ್ಲಿ 'ಅರ್ಜಿ' ಎಂಬ ಶಬ್ದ ಸ್ಪಷ್ಟವಾಗುತ್ತ ಹೋಗಿದೆ. ಅದಕ್ಕೇ ನನಗೆ ಅದರ ಮೇಲೆ ಅನುಮಾನ.

ಕಳೆದ ವಾರ ಮಾಮಾ ಬಂದಿದ್ದರು. ಅವ್ವ ಒಳಗಿದ್ದಾಗ ಒಂದು ಮಾತು ಕೇಳಿದೆ. ಅವರು ಬಶಿಯಲ್ಲಿದ್ದ ಚಹಾ ಮುಗಿಸಿ, ಭಾಲ್ಕಿಯ ಬಸ್ಸಿಗೆ ಹೊತ್ತಾಯಿತೆಂದು ಎದ್ದುಹೋದರು. ನಾನು ಕೇಳಿದ್ದು ಇಷ್ಟೇ:

"ಮಾಮಾ, ಖರೇ ಹೇಳ್ರಿ. ಆವತ್ತ ನಾ ಅರ್ಜಿ ಅಂದಿದ್ನೋ, ಇಲ್ಲೋ?"