ತಲೆದಿಂಬಿನ ಪಕ್ಕದ ಸುಟ್ಟ ವಾಸನೆ

ನಾನು ಸಂಶಯದ ಪ್ರಾಣಿ ಎಂಬುದನ್ನು ನಮ್ಮ ಮನೆಯಲ್ಲಿ ಎಲ್ಲರೂ ಒಪ್ಪಿಕೊಂಡಾಗಿದೆ. ಬಂಗಡೆ ಇವತ್ತಿನದೇ ಎಂದು ಮೀನು ಮಾರುವವಳು ಆಣೆ ಹಾಕಿದರೂ ಕಿವಿರು ಎತ್ತಿ ನೋಡದೆ ನಾನು ಚೀಲ ಬಿಚ್ಚುವವಳಲ್ಲ. ನಾನು ಪಾಠ ಮಾಡುವ ಶಾಲೆಯಲ್ಲಿ ಮಕ್ಕಳು ಹೊಟ್ಟೆನೋವು ಎಂದರೆ ಹೋಂವರ್ಕ್ ಆಗಿದೆಯೋ ಎಂದು ಮೊದಲು ಕೇಳುತ್ತೇನೆ. ಇಂಥ ನನ್ನ ಮೂಗಿಗೆ ಆ ವಾಸನೆ ಬಡಿದದ್ದು ಬೇಸಿಗೆ ರಜೆಯಲ್ಲಿ, ಒಂದು ಮಧ್ಯಾಹ್ನ ಊಟ ಮುಗಿಸಿ ಪಾತ್ರೆ ತೊಳೆಯುತ್ತಿದ್ದಾಗ. ಏನೋ ಸುಟ್ಟ ವಾಸನೆ. ಒಲೆ ನೋಡಿದೆ, ಆರಿತ್ತು.

ಶಾಲೆಯಿರುವ ದಿನಗಳಲ್ಲಿ ನಾನು ಬೆಳಿಗ್ಗೆಯೇ ಕಾರವಾರದಿಂದ ಅಂಕೋಲೆಯ ಬಸ್ಸು ಹತ್ತಿದರೆ ಮನೆಗೆ ತಿರುಗಿ ಬರುವುದು ಸಂಜೆ. ಮಧ್ಯಾಹ್ನದ ಹೊತ್ತಿನಲ್ಲಿ ನನ್ನ ಮನೆ ಹೇಗಿರುತ್ತದೆ ಎಂಬುದೇ ನನಗೆ ಸರಿಯಾಗಿ ಗೊತ್ತಿರಲಿಲ್ಲ. ಹಾಗಾಗಿ ಈ ವಾಸನೆ ಹೊಸದೋ ಹಳೆಯದೋ ಎಂದು ಹೇಳುವ ಹಾಗೂ ಇರಲಿಲ್ಲ.

ನಮ್ಮನೆಯವರು ಮನೆಯಲ್ಲೇ ಕುಳಿತು ದುಡಿಯುವವರು. ಇನ್ನೂ ಪಾಯವನ್ನೇ ತೋಡದ ಬಂಗಲೆ, ರೆಸಾರ್ಟುಗಳ ಒಳಗೆ ಗಿರಾಕಿಗಳನ್ನು ಅಡ್ಡಾಡಿಸಿ ತೋರಿಸುವಂಥ ವಿಡಿಯೋ ಮಾಡುತ್ತಾರೆ. ಅದಕ್ಕಾಗಿ ಗೋವಾದ ಅಂಗಡಿಯೊಂದರಲ್ಲಿ ದೊಡ್ಡ ಕಂಪ್ಯೂಟರ್ ಕಟ್ಟಿಸಿ ತಂದಿದ್ದರು. ಅದರೊಳಗೆ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡ್ ಇಟ್ಟಿಗೆಯಷ್ಟು ದಪ್ಪ. ಮನೆಯಲ್ಲಿ ಆ ಇಡೀ ಪೆಟ್ಟಿಗೆಗೆ ಮಷೀನ್ ಎಂದೇ ಹೆಸರು. ಕಾರವಾರದ ಸೆಕೆ ಮಷೀನಿಗೆ ಆಗದು ಎಂದು ಆ ಕೋಣೆಗೆ ಎಸಿ ಬಂತು. ಎಸಿ ಬಂದದ್ದೇ ನೆಪ, ಅತ್ತೆಯ ಮಂಚವೂ ಅಲ್ಲಿಗೆ ಬಂತು. ಬೇಸಿಗೆಯಲ್ಲಿ ಅವರಿಗೆ ಮೈತುಂಬ ಬೆವರುಸಾಲೆ ಏಳುತ್ತದೆ, ಕೆರೆದು ಕೆರೆದು ರಕ್ತ ಬರುತ್ತದೆ, ಒಮ್ಮೊಮ್ಮೆ ಉಸಿರೂ ಕಟ್ಟುತ್ತದೆ. ಮಷೀನ್ ಮೇಜಿನ ಕೆಳಗೆ, ಮಂಚ ಮೇಜಿಗೆ ತಾಗಿಕೊಂಡು. ಅವರು ತಲೆಯಿಡುವ ಜಾಗಕ್ಕೂ ಮಷೀನಿಗೂ ನಡುವೆ ಹೆಚ್ಚೆಂದರೆ ಒಂದು ಗೇಣು. ಮಷೀನ್ ಓಡುತ್ತಿದ್ದರೆ ಎಸಿ, ಮಷೀನ್ ನಿಂತರೆ ಎಸಿಯೂ ಬಂದ್. ಈ ಕಾನೂನು ಯಾರು ಮಾಡಿದರೋ ನೆನಪಿಲ್ಲ, ಎಲ್ಲರೂ ಪಾಲಿಸುತ್ತಿದ್ದೆವು.

ಮೊದಲ ದಿನ ಪಕ್ಕದ ಮನೆಯವರ ಮೇಲೆ ಸಂಶಯಪಟ್ಟೆ. ಅವರು ತೆಂಗಿನ ಸಿಪ್ಪೆ, ಪ್ಲಾಸ್ಟಿಕ್ಕು ಎಲ್ಲ ಒಟ್ಟಿಗೇ ಸುಡುವವರು. ಕಂಪೌಂಡಿನಿಂದ ಇಣುಕಿ ನೋಡಿದರೆ ಬೂದಿಯೂ ಇಲ್ಲ. ಮರುದಿನ ಇನ್ವರ್ಟರಿನ ಮೇಲೆ, ಆಮೇಲೆ ಎಸಿಯ ಮೇಲೆ. ಸ್ಟೂಲು ಹತ್ತಿ ಎಸಿಯನ್ನು ಮೂಸಿದ್ದನ್ನು ಕಂಡು ನಮ್ಮನೆಯವರು ಕಿವಿಯ ಹೆಡ್‌ಫೋನು ತೆಗೆದರು.

"ಎಂತ ಮಾಡ್ತೆ ಅಲ್ಲಿ?"

"ಎಂತದೋ ಸುಟ್ಟ ವಾಸನೆ ಬರ್ತದೆ ಈ ಕೋಣೆಯಾಗೆ. ನಿಮ್ಗೆ ಬರೂದಿಲ್ವಾ?"

"ನಂಗೆ ಊದ್ಬತ್ತಿ ವಾಸನೆ ಬಿಟ್ರೆ ಎಂತದೂ ಬರೂದಿಲ್ಲ. ನಿಂಗೆ ರಜೆ ಜಾಸ್ತಿ ಆಯ್ತು, ಅಷ್ಟೇ."

ಊದುಬತ್ತಿ ಎಂದ ಕೂಡಲೇ ನನ್ನ ತಲೆ ಬೇರೆ ಕಡೆ ಓಡಿತು. ನಮ್ಮಲ್ಲಿ ದೀಪ, ಊದುಬತ್ತಿ ಏನಿದ್ದರೂ ಬೆಳಿಗ್ಗೆ ಸ್ನಾನವಾದ ಮೇಲೆ ಮತ್ತು ಮುಸ್ಸಂಜೆಗೆ. ಊಟ ಮಾಡಿ ಮಲಗುವ ಹೊತ್ತಿಗೆ ಊದುಬತ್ತಿ ಹಚ್ಚುವ ಭಕ್ತಿ ಅತ್ತೆಗೆ ಯಾವಾಗ ಬಂತು? ಅದೂ ಒಂದಲ್ಲ, ಎರಡೆರಡು ಕಡ್ಡಿ. ನನಗೆ ತಟ್ಟನೆ ಹೊಳೆದದ್ದು ಮಶೇರಿ. ತಂಬಾಕನ್ನು ಹೆಂಚಿನ ಮೇಲೆ ಕಪ್ಪಾಗುವಷ್ಟು ಹುರಿದು ಪುಡಿಮಾಡಿ ಹಲ್ಲಿಗೆ ತಿಕ್ಕುವ ಚಟ ಅವರಿಗೆ ಮಾಜಾಳಿಯ ತವರಿನಿಂದಲೇ ಇತ್ತು. ಬಾಯಿಯಲ್ಲಿ ಹುಣ್ಣಾದಾಗ ಡಾಕ್ಟರು ಬೈದು ಬಿಡಿಸಿದ್ದರು. ಬಿಟ್ಟೆ ಎಂದು ದೇವರ ಮುಂದೆ ಹೇಳಿದ್ದನ್ನು ನಾನೂ ಕೇಳಿಸಿಕೊಂಡಿದ್ದೆ, ನಂಬಿರಲಿಲ್ಲ. ಶಾಲೆಯಿದ್ದಾಗ ನಾನಿಲ್ಲದ ಮಧ್ಯಾಹ್ನ ಗುಟ್ಟಾಗಿ ಹುರಿದಿಟ್ಟುಕೊಂಡಿದ್ದಾರೆ, ಈಗ ತಿಕ್ಕುವಾಗ ವಾಸನೆ ಮುಚ್ಚಲು ಊದುಬತ್ತಿ ಹಚ್ಚುತ್ತಾರೆ. ಇನ್ನೇನು, ಸಿಕ್ಕಿಬಿದ್ದರು ಎಂದುಕೊಂಡೆ.

ಅವರು ಸ್ನಾನಕ್ಕೆ ಹೋದಾಗ ಹಾಸಿಗೆ ಎತ್ತಿ ನೋಡಿದೆ, ದಿಂಬಿನ ಚೀಲದೊಳಗೆ ಕೈಹಾಕಿದೆ. ಮುಲಾಮಿನ ಡಬ್ಬಿ, ಎರಡು ಪಿನ್ನು, ಬೆವರುಸಾಲೆಗೆ ಹಾಕುವ ಪೌಡರು. ಮಶೇರಿಯ ಚೂರೂ ಇಲ್ಲ. ಎಷ್ಟು ಜಾಣತನದಿಂದ ಮುಚ್ಚಿಟ್ಟಿದ್ದಾರೆ ಎಂದು ಸಂಶಯ ಇನ್ನೂ ಗಟ್ಟಿಯಾಯಿತು.

ಹೀಗಿರುವಾಗ ಒಂದು ಸಂಜೆ ಫೋನಿನಲ್ಲಿ ಸುಮ್ಮನೆ ಹುಡುಕಿದೆ, ಎಸಿ ಕೋಣೆಯಲ್ಲಿ ಸುಟ್ಟ ವಾಸನೆ, ಕಂಪ್ಯೂಟರಿಗೆ ಸುಟ್ಟ ವಾಸನೆ ಎಂದೆಲ್ಲ. ಒಂದರ ಹಿಂದೊಂದು ವಿಡಿಯೋ ಬರತೊಡಗಿದವು. ಯಾವುದೋ ದೇಶದ ಹುಡುಗರು ಕರಗಿ ಕಪ್ಪಾದ ಒಂದು ಪ್ಲಗ್ಗನ್ನು ಕ್ಯಾಮೆರಾದ ಮುಂದೆ ಹಿಡಿದು ತೋರಿಸುತ್ತಿದ್ದರು. ದೊಡ್ಡ ಗ್ರಾಫಿಕ್ಸ್ ಕಾರ್ಡಿಗೆ ಕರೆಂಟು ಕೊಡುವ ಕನೆಕ್ಟರ್ ಅದು. ಬೆಂಕಿಪೊಟ್ಟಣಕ್ಕಿಂತ ಚಿಕ್ಕದು, ಆದರೆ ಇಸ್ತ್ರಿಪೆಟ್ಟಿಗೆಯ ವೈರಿನಲ್ಲಿ ಹಾಯುವುದಕ್ಕಿಂತ ಎಷ್ಟೋ ಹೆಚ್ಚು ಕರೆಂಟು ಅದರ ಸಣ್ಣ ಸಣ್ಣ ಪಿನ್ನುಗಳಲ್ಲಿ ಹಾಯಬೇಕು. ಒಂದಿಷ್ಟು ಸಡಿಲವಾದರೂ, ಪೂರ್ತಿ ಒಳಗೆ ಕೂರದಿದ್ದರೂ ಕಾದು ಕರಗುತ್ತದಂತೆ. ಕಾರ್ಡು ತಯಾರಿಸಿದವರು ನೀವು ಸರಿಯಾಗಿ ಕೂರಿಸಿಲ್ಲ ಎನ್ನುತ್ತಾರೆ, ಕೊಂಡವರು ನಿಮ್ಮ ಪ್ಲಗ್ಗೇ ಸರಿಯಿಲ್ಲ ಎನ್ನುತ್ತಾರೆ. ನಾನು ಇಬ್ಬರನ್ನೂ ನಂಬಲಿಲ್ಲ.

ನಮ್ಮನೆಯವರಿಗೆ ತೋರಿಸಿದರೆ ಕೆಂಡವಾದರು. "ಆ ಅಂಗಡಿಯಂವ ನಂಗೆ ಮೋಸ ಮಾಡಿದ್ದಾನೆ ಹೇಳ್ತ್ಯಾ? ನಮ್ ಮಷೀನ್ ಎಷ್ಟು ನೀಟಾಗಿ ಇಟ್ಕಂಡಿದೇನೆ ನೋಡಿದ್ಯಲ್ಲ!" ನೋಡಿದ್ದೆ, ನಿಜ. ಅವರ ತಟ್ಟೆ ಅವರು ಎತ್ತುವುದಿಲ್ಲ, ಮಷೀನಿನ ಮೇಲೆ ಮಾತ್ರ ಧೂಳು ಕೂರಲು ಬಿಡುವುದಿಲ್ಲ.

ಮರುದಿನ ಅವರು ಯಾವುದೋ ರೆಸಾರ್ಟಿನ ಜಾಗ ನೋಡಲು ದೇವಬಾಗಕ್ಕೆ ಹೋದರು, ಮಷೀನನ್ನು ಕೆಲಸಕ್ಕೆ ಹಚ್ಚಿಟ್ಟು. ಎಸಿ ಓಡುತ್ತಿತ್ತು. ಅತ್ತೆ ಊಟ ಮಾಡಿ ಊದುಬತ್ತಿ ಹಚ್ಚಿ ಮಲಗಿದರು. ಗೊರಕೆ ಶುರುವಾದ ಮೇಲೆ ನಾನು ಮೆಲ್ಲಗೆ ಒಳಗೆ ಹೋಗಿ ಎರಡೂ ಕಡ್ಡಿಗಳನ್ನು ತೆಗೆದು ಬಚ್ಚಲಿನ ನೀರಿಗೆ ಹಾಕಿದೆ. ಬಾಗಿಲು ಮುಚ್ಚಿ ನೆಲದ ಮೇಲೆ ಕುಳಿತೆ. ಊದುಬತ್ತಿಯ ಪರಿಮಳ ಇಳಿಯುತ್ತಿದ್ದಂತೆ ಅದರ ಕೆಳಗಿದ್ದ ವಾಸನೆ ಮೇಲೆ ಬಂತು. ತಂಬಾಕಲ್ಲ. ಪ್ಲಾಸ್ಟಿಕ್ಕು.

ಮೂಗು ನನ್ನನ್ನು ಮೇಜಿನ ಕೆಳಗೆ ಕರೆದುಕೊಂಡು ಹೋಯಿತು. ಮಷೀನಿನ ಒಂದು ಬದಿ ಗಾಜು. ಫೋನಿನ ಬೆಳಕು ಬಿಟ್ಟು ನೋಡಿದೆ. ಕಾರ್ಡಿಗೆ ಹೋಗಿ ಸೇರುವ ಪ್ಲಗ್ಗಿನ ಒಂದು ಮೂಲೆ ಉಬ್ಬಿ, ಕಂದಾಗಿ, ವಿಡಿಯೋದಲ್ಲಿ ಕಂಡದ್ದೇ ರೂಪ ತಾಳಿತ್ತು. ಅಲ್ಲಿಂದ ಒಂದು ಗೇಣಿನಾಚೆ ಅತ್ತೆಯ ಬಿಳಿ ಜಡೆ ಮಂಚದಿಂದ ಕೆಳಗೆ ಜೋತಾಡುತ್ತಿತ್ತು. ಗೋಡೆಯ ಸ್ವಿಚ್ಚು ಆರಿಸಿ, ಅತ್ತೆಯ ರಟ್ಟೆ ಹಿಡಿದು ಎಬ್ಬಿಸಿ ಹೊರಗೆ ತಂದು ಕೂರಿಸಿದೆ. ಅವರು ಏಕೆ ಎಂದು ಕೇಳಲಿಲ್ಲ. ಆಗ ನನಗದು ವಿಚಿತ್ರ ಅನಿಸಲಿಲ್ಲ.

ಸಂಜೆ ಬಂದ ನಮ್ಮನೆಯವರು ಮೊದಲು ಕೆಲಸ ಅರ್ಧಕ್ಕೆ ನಿಂತದ್ದಕ್ಕೆ ಕೂಗಾಡಿದರು. ಆಮೇಲೆ ಗಾಜು ಬಿಚ್ಚಿದರು. ಪ್ಲಗ್ಗು ಕಚ್ಚಿಕೊಂಡು ಬಿಟ್ಟಿತ್ತು, ಅಲ್ಲಾಡಿಸಿ ಅಲ್ಲಾಡಿಸಿ ಎಳೆಯಬೇಕಾಯಿತು.

"ಇದೆಂತಕೆ ಹಿಂಗಾಯ್ತು?" ಎಂದರು. ದನಿ ಅಳುವವರ ಹಾಗಿತ್ತು. "ಪ್ರತಿ ಆಯ್ತವಾರ ತೆಗ್ದು ಒರ್ಸಿ ಹಾಕ್ತೇನೆ ನಾನು. ಹೋದ್ ವಾರ ಚೂರು ಕಪ್ಪು ಕಂಡಿತ್ತು, ತುಕ್ಕಂತ ಇನ್ನೂ ತಿಕ್ಕಿದ್ದೆ. ಈ ಊರಿನ ಉಪ್ಪು ಗಾಳಿಗೆ ಬೀಗ ಉಳೂದಿಲ್ಲ, ಈ ಪಿನ್ ಉಳೀತದ್ಯಾ? ಅಪ್ಪ ಇಂಜಿನ್ನಿಗೆ ಮಾಡ್ತಿದ್ದದ್ದೇ ನಾನು ಇದ್ಕೆ ಮಾಡಿದ್ದು."

ನನ್ನ ಮಾವ ಮಾಜಾಳಿಯಲ್ಲಿ ದೋಣಿಯ ಇಂಜಿನ್ ರಿಪೇರಿ ಮಾಡುತ್ತಿದ್ದರು. ದೋಣಿ ದಡಕ್ಕೆ ಬಂದರೆ ಸಾಕು, ಪ್ಲಗ್ಗು ಬಿಚ್ಚು, ಉಪ್ಪು ಒರೆಸು, ಮತ್ತೆ ಹಾಕು. ಬಿಚ್ಚದೆ ಬಿಟ್ಟ ಇಂಜಿನ್ ಸಮುದ್ರದ ನಡುವೆ ಕೈಕೊಡುತ್ತದೆ. ಆ ಪಾಠ ಮಗನ ಕೈಗೆ ಹತ್ತಿಕೊಂಡಿತ್ತು. ಭಾನುವಾರ ಬೆಳಿಗ್ಗೆ ಹಳೆಯ ಪಂಚೆಯ ತುಂಡು ಹಿಡಿದು ಅವರು ಮಷೀನಿನ ಮುಂದೆ ಕೂರುವುದನ್ನು ನಾನು ಎಷ್ಟು ಸಲ ಕಂಡಿಲ್ಲ! ಈ ಮನೆಯಲ್ಲಿ ನಾನು ಸಂಶಯಪಡದೆ ಬಿಟ್ಟದ್ದು ಅದೊಂದನ್ನೇ.

ಗೋವಾದ ಅಂಗಡಿಯವನಿಗೆ ಫೋನು ಹೋಯಿತು. ಅವನು ಕೇಳಿದ ಮೊದಲ ಪ್ರಶ್ನೆ, ಎಷ್ಟು ಸಲ ತೆಗೆದು ಹಾಕಿದ್ದೀರಿ ಎಂದು. ಈ ಕನೆಕ್ಟರನ್ನು ಇಂತಿಷ್ಟೇ ಸಲ ತೆಗೆಯಬಹುದು, ಆಮೇಲೆ ಒಳಗಿನ ಹಿಡಿತ ಸಡಿಲವಾಗುತ್ತದೆ, ಒಮ್ಮೆ ಕೂರಿಸಿದ ಮೇಲೆ ಮುಟ್ಟಬಾರದು ಎಂದ. ಮಾರುವಾಗ ಈ ಮಾತು ಏಕೆ ಹೇಳಲಿಲ್ಲ ಎಂದು ನಾನು ಫೋನು ಕಸಿದುಕೊಂಡು ಕೇಳಿದೆ. ಅವನು ಹೇಳಿದ್ದೆ ಎಂದ. ಅವನ ಮಾತನ್ನು ನಾನು ಈಗಲೂ ಪೂರ್ತಿ ನಂಬಿಲ್ಲ. ನಮ್ಮನೆಯವರು ಮಾತ್ರ ಆ ಪಂಚೆ ತುಂಡನ್ನು ಮಡಚಿ ಮಡಚಿ ಕೈಯಲ್ಲೇ ಇಟ್ಟುಕೊಂಡು ಕುಳಿತಿದ್ದರು.

ಆಗ ಅತ್ತೆ ಬಾಗಿಲ ಹತ್ತಿರ ನಿಂತು ಹೇಳಿದರು. ಅವರ ಮನೆಮಾತು ಕೊಂಕಣಿ. ಅಂಕೋಲೆಯ ಸೊಸೆಗೆಂದು ಕನ್ನಡ ಆಡುತ್ತಾರೆ, ನನ್ನನ್ನು ತಂಗಿ ಎಂದೇ ಕರೆಯುತ್ತಾರೆ.

"ವಾಸನೆ ಹೋಳಿ ಆದಾಗಿಂದ್ಲೇ ಬರ್ತದೆ ತಂಗಿ."

"ಗೊತ್ತಿತ್ತಾ ನಿಮ್ಗೆ? ಮತ್ತೆ ಹೇಳ್ಲಿಲ್ಲ ಎಂತಕೆ?"

"ನಿಂಗೆ ಹೇಳಿದ್ರೆ ನೀ ಸುಮ್ನೆ ಕೂರುವವ್ಳಾ? ಮಷೀನ್ ಬಂದ್ ಮಾಡಿಸ್ತಿದ್ದೆ. ಮಷೀನ್ ಬಂದಾದ್ರೆ ನಂಗೆ ತಂಪು ಎಲ್ಲಿಂದ? ಅದ್ಕೇ ಊದ್ಬತ್ತಿ ಹಚ್ಚಿದೆ."

ಮೊದಲು ಸಿಟ್ಟು ಬಂತು. ಸುಟ್ಟು ಹೋಗುತ್ತಿದ್ದಿರಿ ಎಂದು ಕೂಗಿಯೂ ಕೂಗಿದೆ. ಅವರು ತೋಳು ಕೆರೆದುಕೊಳ್ಳುತ್ತ ನಿಂತೇ ಇದ್ದರು. ನಾನು ಒಳಗಿನಿಂದ ಬೆವರುಸಾಲೆಯ ಪೌಡರು ತಂದು ಆ ತೋಳಿಗೆ ಹಾಕಿದೆ.

ಮಾಜಾಳಿಯಿಂದ ದಿನಾ ಗೋವಾಕ್ಕೆ ಕೆಲಸಕ್ಕೆ ಹೋಗುವ ಪರಿಚಯದವರ ಕಾರಿನಲ್ಲಿ ಮಷೀನ್ ರಿಪೇರಿಗೆ ಹೋಯಿತು. ಮೇಜಿನ ಕೆಳಗೆ ಖಾಲಿ. ಮಧ್ಯಾಹ್ನ ಅತ್ತೆ ತಾವಾಗಿಯೇ ಜಗಲಿಯಲ್ಲಿ ಚಾಪೆ ಹಾಸಿಕೊಂಡು ಬೀಸಣಿಗೆ ಹಿಡಿದು ಮಲಗಿದ್ದರು. ನಾನು ಕೋಣೆಗೆ ಹೋಗಿ ಎಸಿ ಹಾಕಿ, ತಂಪಾದ ಮೇಲೆ ಅವರನ್ನು ಕರೆದೆ.

"ಮಷೀನ್ ಬಂತಾ?" ಎಂದು ಹೊಸ್ತಿಲಲ್ಲೇ ನಿಂತರು.

"ಇಲ್ಲ."

"ಮತ್ತೆ ಎಸಿ ಯಾರಿಗೆ?"

"ನಿಮ್ಗೇ ಅತ್ತೆ. ಮಲಗಿ."

ಅವರು ಮಂಚದ ತುದಿಗೆ ಕುಳಿತು, ಬಂಗಡೆಯ ಕಿವಿರು ಎತ್ತಿ ನೋಡುವ ನನ್ನ ಹಾಗೆಯೇ, ನನ್ನ ಮುಖವನ್ನು ಬಹಳ ಹೊತ್ತು ನೋಡಿದರು. ಆಮೇಲೆ ದನಿ ತಗ್ಗಿಸಿ ಕೇಳಿದರು.

"ಡಾಕ್ಟ್ರು ನಿನ್ ಹತ್ರ ಎಂತಾದ್ರೂ ಹೇಳಿದ್ರಾ ತಂಗಿ? ನಾ ಇನ್ನು ಉಳೂದಿಲ್ಲ ಅಂತ?"