ದಯವಿಟ್ಟು ಮಾರ್ನಿಯನ್ನು ಹೊಗಳಬೇಡಿ

ಇನ್ನೂ ಬೆಳಕು ಹರಿದಿಲ್ಲ. ಏಪ್ರಿಲ್ ಬಂದರೂ ತಾಮ್ರದ ಗಣಿಗಳ ನಮ್ಮ ಕೀವನಾ ಸೀಮೆಯಲ್ಲಿ ಹಿಮ ಕಿಟಕಿಯ ಮಟ್ಟಕ್ಕೆ ನಿಂತಿದೆ. ಇಂಥ ಚಳಿಯಲ್ಲೂ ಟ್ರೆವಾರೋ ಪ್ಯಾಸ್ಟಿ ಅಂಗಡಿಯ ಹಿಂಬದಿಯ ಕಿಟಕಿ ಬಾಯಿ ತೆರೆದುಕೊಂಡಿದೆ. ಅದರ ಪಕ್ಕ ಎತ್ತರದ ಸ್ಟೂಲಿನ ಮೇಲೆ, ಅಂಗಿಯ ತೋಳು ಮಡಚಿಕೊಂಡು ಮಾರ್ನಿ ಕೆರಾನೆನ್ ಕೂತಿದ್ದಾರೆ. ಮುಂದಿನ ಹಲಗೆಯ ಮೇಲೆ ದನದ ಮಾಂಸ, ಆಲೂಗಡ್ಡೆ, ಈರುಳ್ಳಿ, ರುಟಬೇಗ ಗೆಡ್ಡೆ ತುಂಬಿದ ಹಿಟ್ಟಿನ ಹಾಳೆಗಳು. ಮಾರ್ನಿ ಒಂದೊಂದನ್ನೂ ಮಡಚಿ, ಹೆಬ್ಬೆರಳು ತೋರುಬೆರಳ ನಡುವೆ ಅಂಚು ಹಿಡಿದು ಜಡೆಯಂತೆ ಹೆಣೆಯುತ್ತಾ ಹೋಗುತ್ತಾರೆ. ದೊಡ್ಡದೊಂದು ಕರ್ಜಿಕಾಯಿಯಂತೆ ಕಾಣುವ ಪ್ಯಾಸ್ಟಿ ತಟ್ಟೆ ಸೇರುತ್ತದೆ.

ಒಲೆಯ ಬಳಿ ನಿಂತ ಡ್ವೇನ್ ಪೆಲ್ಟಿಯೇಗೆ ಈ ಕಿಟಕಿಯ ಮೇಲೆ ದಿನಾ ಸಿಟ್ಟು. ಹಿಂದೆ ಮರ ಕಡಿಯುತ್ತಿದ್ದ ಆಳು. ಈಗ ತಟ್ಟೆ ಎತ್ತುವುದು, ಬೇಯಿಸುವುದು ಅವರ ಕೆಲಸ.

"ಕಿಟಕಿ ಮುಚ್ಚೇ ಮಾರಾಯ್ತಿ. ನನ್ನ ಕಿವಿ ಉದುರಿ ಪ್ಯಾಸ್ಟಿ ಒಳಗೆ ಬಿದ್ರೆ ಯಾರು ಹೊಣೆ?"

"ಮಾಂಸ ಜಾಸ್ತಿ ಹಾಕಿದಾರೆ ಅಂತ ಗಿರಾಕಿ ಖುಷಿಪಡ್ತಾರೆ ಬಿಡು," ಎನ್ನುತ್ತಾರೆ ಮಾರ್ನಿ, ತಲೆ ಎತ್ತದೆ.

ತಲೆ ಎತ್ತುವಂತಿಲ್ಲ. ಅವರ ಬಲಗೈ ಬೆರಳುಗಳಿಗೆ ಸ್ಪರ್ಶಜ್ಞಾನ ಅರ್ಧ ಹೋಗಿದೆ. ಹಿಟ್ಟು ಬೆರಳ ನಡುವೆ ಸರಿಯಾಗಿ ಸಿಕ್ಕಿದೆಯೋ ಇಲ್ಲವೋ ಎಂಬುದನ್ನು ಕಣ್ಣಿನಿಂದಲೇ ತಿಳಿಯಬೇಕು. ಒಲೆಯ ಕಾವು ಏರಿದಷ್ಟೂ ಕೈ ಜೋಮು ಹಿಡಿಯುತ್ತದೆ. ಈ ಬೆರಳಿನ ಸಂಗತಿ ಅಂಗಡಿಯಲ್ಲಿ ಯಾರಿಗೂ ಗೊತ್ತಿಲ್ಲವೆಂದೇ ಅವರು ನಂಬಿದ್ದಾರೆ. ಆದರೆ ಇವತ್ತಿನ ಚಿಂತೆ ಬೇರೆ. ಎಂಟು ಗಂಟೆಗೆ ಮಾಸಾಶನದ ಕಚೇರಿಯಿಂದ ಫೋನು ಬರಲಿದೆ. ಮಾಲಕಿ ಗ್ವೆನ್ ಟ್ರೆವಾರೋ ಆಡುವ ನಾಲ್ಕು ಮಾತಿನ ಮೇಲೆ ಮಾರ್ನಿಯ ಮಾಸಾಶನ ಉಳಿಯಬೇಕು, ಇಲ್ಲವೇ ಹೋಗಬೇಕು.

ಮಾರ್ನಿಗೆ ಈಗ ನಲವತ್ಮೂರು. ಒಂದು ಕಾಲಕ್ಕೆ ಶಾಲೆಯ ಬಸ್ಸು ಓಡಿಸುತ್ತಿದ್ದರು. ಒಂದು ಬೆಳಗ್ಗೆ ಬಸ್ಸಿನ ತುಂಬ ಮಕ್ಕಳಿರುವಾಗಲೇ ಬಲಗಣ್ಣಿಗೆ ಮಂಜು ಕವಿಯಿತು. ಬಸ್ಸನ್ನು ರಸ್ತೆಯ ಬದಿಗೆ ತಂದು ನಿಲ್ಲಿಸಿ, ಕೀಲಿ ತೆಗೆದು ಜೇಬಿಗೆ ಹಾಕಿಕೊಂಡು, ಬೇರೆ ಚಾಲಕರನ್ನು ಕಳಿಸಿ ಎಂದು ಫೋನು ಮಾಡಿದರು. ಆಮೇಲೆ ಚಾಲಕರ ಸೀಟಿನಲ್ಲಿ ಕೂರಲೇ ಇಲ್ಲ. ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರಗಳ ಕಾಯಿಲೆ. ಬರುತ್ತದೆ, ತಗ್ಗುತ್ತದೆ, ಹೇಳದೆ ಕೇಳದೆ ಮತ್ತೆ ಎರಗುತ್ತದೆ. ಅಂಗವೈಕಲ್ಯದ ಮಾಸಾಶನ ಮಂಜೂರಾಯಿತು. ಅದರ ಬೆನ್ನಿಗೇ ನಾಲ್ಕು ವರ್ಷ ಮನೆಯಲ್ಲಿ ಸುಮ್ಮನೆ ಕೂತದ್ದೂ ಆಯಿತು.

"ಕಾಯಿಲೆಗಿಂತ ಆ ನಾಲ್ಕು ವರ್ಷ ನನ್ನ ಹೆಚ್ಚು ತಿಂದುಹಾಕ್ತು," ಎನ್ನುತ್ತಾರೆ ಮಾರ್ನಿ. "ಎದುರು ಮನೆಯೋರು ಎಷ್ಟು ಸಲ ಕಸ ಹೊರಗೆ ಹಾಕ್ತಾರೆ ಅನ್ನೋದೂ ನಂಗೆ ಬಾಯಿಪಾಠ ಆಗಿತ್ತು."

ಚರ್ಚಿನ ಅಡುಗೆಮನೆಯಲ್ಲಿ ಅವರು ಹೆಣೆದ ಅಂಚನ್ನು ನೋಡಿ ಕೆಲಸಕ್ಕೆ ಕರೆದದ್ದು ಗ್ವೆನ್. ಎಪ್ಪತ್ತು ದಾಟಿದ ಗ್ವೆನ್‌ರ ಮುತ್ತಜ್ಜ ಪ್ಯಾಸ್ಟಿಯ ತವರಾದ ಕಾರ್ನ್‌ವಾಲಿನಿಂದ ಕಡಲು ದಾಟಿ ಇಲ್ಲಿಯ ತಾಮ್ರದ ಗಣಿಗೆ ಬಂದವನು. ಪ್ಯಾಸ್ಟಿಗೆ ಗ್ರೇವಿ ಸುರಿದುಕೊಳ್ಳುವವರನ್ನು ಈ ಅಜ್ಜಿ ಇವತ್ತಿಗೂ ಅನುಮಾನದಿಂದಲೇ ನೋಡುತ್ತಾರೆ. ಮಾತು ಒರಟು, ಕೈ ಧಾರಾಳ. ಆ ಧಾರಾಳತನವೇ ಮಾರ್ನಿಯನ್ನು ಪೇಚಿಗೆ ಸಿಕ್ಕಿಸಿತು.

ಮಾಸಾಶನ ಪಡೆಯುವವರು ಕೆಲಸಕ್ಕೆ ಹೋಗಬಾರದೆಂದು ನಮ್ಮ ಊರಿನಲ್ಲಿ ಎಲ್ಲರೂ ನಂಬಿದ್ದಾರೆ. ಅದು ತಪ್ಪು. ದುಡಿದು ನೋಡಲಿ ಎಂದು ಕಾನೂನೇ ಒಂಬತ್ತು ತಿಂಗಳ ಅವಕಾಶ ಕೊಡುತ್ತದೆ. ಆ ತಿಂಗಳುಗಳಲ್ಲಿ ಎಷ್ಟೇ ಗಳಿಸಿದರೂ ಮಾಸಾಶನಕ್ಕೆ ಕುತ್ತಿಲ್ಲ. ಒಂಬತ್ತೂ ಸಾಲಾಗಿ ಇರಬೇಕೆಂದಿಲ್ಲ. ಐದು ವರ್ಷದೊಳಗೆ ಯಾವ ತಿಂಗಳು ಗಳಿಕೆ ಹೆಚ್ಚಾಯಿತೋ ಆ ತಿಂಗಳು ಲೆಕ್ಕಕ್ಕೆ ಸೇರುತ್ತದೆ. ಒಂಬತ್ತು ಮುಗಿದ ಮೇಲೆ ಮಾತ್ರ ಎಚ್ಚರ ಬೇಕು. ಆಗ ಗಳಿಕೆ ಒಂದು ಮಿತಿ ದಾಟಿದರೆ ಮಾಸಾಶನ ನಿಲ್ಲುತ್ತದೆ.

ಮಾರ್ನಿ ಲೆಕ್ಕದಲ್ಲಿ ದಡ್ಡಿಯಲ್ಲ. ಪ್ರವಾಸಿಗರು ಬರುವ ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಮಾತ್ರ ಹೆಚ್ಚು ಹೊತ್ತು ಕೂತರು. ಮೂರು ಬೇಸಿಗೆಗೆ ಆರು ತಿಂಗಳು ಕಳೆದವು, ಇನ್ನು ಮೂರು ಉಳಿದಿವೆ ಎಂದುಕೊಂಡರು. ಹೊಸ ವರ್ಷಕ್ಕೆ ಗ್ವೆನ್ ಎಲ್ಲರ ಸಂಬಳ ಏರಿಸಿದಾಗ ಅದೇ ಧೈರ್ಯದಲ್ಲಿ ಹೂಂ ಎಂದರು.

ಅವರು ಮರೆತದ್ದು ನವೆಂಬರನ್ನು. ಜಿಂಕೆ ಬೇಟೆ ಶುರುವಾಯಿತೆಂದರೆ ಇಲ್ಲಿ ಶಾಲೆಗೂ ರಜೆ. ಕಾಡಿನ ಬಿಡಾರಗಳಿಗೆ ಹೊರಟ ಬೇಟೆಗಾರರು ಡಜನ್‌ಗಟ್ಟಲೆ ಪ್ಯಾಸ್ಟಿ ಕಟ್ಟಿಸಿಕೊಳ್ಳುತ್ತಾರೆ. ಆ ಎರಡು ವಾರ ಅಂಗಡಿಯಲ್ಲಿ ಹಗಲು ರಾತ್ರಿ ಎಂಬುದಿಲ್ಲ, ಯಾರೂ ಗಡಿಯಾರ ನೋಡುವುದಿಲ್ಲ. ಮದುವೆ ಮನೆಯಲ್ಲಿ ಕೈಜೋಡಿಸಿದಂತೆ ಎಲ್ಲರೂ ಕೈಜೋಡಿಸುತ್ತಾರೆ. ಕೊನೆಯಲ್ಲಿ ಗ್ವೆನ್ ಎಲ್ಲರಿಗೂ ಬೇರೆಯದೇ ಒಂದು ಚೆಕ್ ಕೊಡುತ್ತಾರೆ. ಅವರ ತಂದೆಯ ಕಾಲದಿಂದಲೂ ಅದಕ್ಕೆ ಬಿಡಾರದ ದುಡ್ಡು ಎಂದೇ ಹೆಸರು. ಅದನ್ನು ಸಂಬಳವೆಂದು ಈ ಊರಿನಲ್ಲಿ ಯಾರೂ ಕರೆದಿಲ್ಲ, ಮಾರ್ನಿಯೂ ಕರೆಯಲಿಲ್ಲ. ಕಚೇರಿ ಕರೆಯಿತು. ಮೂರು ನವೆಂಬರುಗಳು ಉಳಿದ ಮೂರು ತಿಂಗಳನ್ನು ಸದ್ದಿಲ್ಲದೆ ನುಂಗಿಬಿಟ್ಟಿದ್ದವು. ಅಂದರೆ ಸಂಬಳ ಏರಿದ ಜನವರಿಯಿಂದ ಮಾರ್ನಿ ಮಿತಿ ದಾಟಿದ ದುಡಿಮೆಯಲ್ಲಿದ್ದರು.

ಮಾರ್ನಿ ಸಹಾಯ ಕೇಳಿದ್ದು ಕೋರಿನ್ ಬ್ಯೂಡ್ರಿಯನ್ನು. ಮಾಸಾಶನ ಪಡೆಯುತ್ತಾ ದುಡಿಯುವವರಿಗೆ ದಾರಿ ಹೇಳುವುದೇ ಕೋರಿನ್‌ರ ಕೆಲಸ. ಆಸ್ಪತ್ರೆಯ ವಿಮೆ ಸದ್ಯಕ್ಕೆ ನಿಲ್ಲುವುದಿಲ್ಲ ಎಂದು ಅವರು ಮೊದಲು ಧೈರ್ಯ ತುಂಬಿದರು. ಮೈ ತಂಪಾಗಿಡಲು ಕೆಲಸದಲ್ಲಿ ತೊಡುವ ಮಂಜುಗಡ್ಡೆ ತುಂಬಿದ ಜಾಕೀಟಿನ ಖರ್ಚನ್ನು ಗಳಿಕೆಯಿಂದ ಕಳೆಯಬಹುದೆಂದರು. ಅಷ್ಟು ಕಳೆದರೂ ಮಿತಿಗಿಂತ ಮೇಲೆಯೇ ನಿಂತಿತು. ಉಳಿದದ್ದು ಒಂದೇ ದಾರಿ. ಮಾಡುವ ಕೆಲಸದ ಬೆಲೆಗಿಂತ ಹೆಚ್ಚು ಸಂಬಳವನ್ನು ಮಾಲಕಿ ಕೊಡುತ್ತಿದ್ದರೆ, ಆ ಹೆಚ್ಚಿನ ಭಾಗ ಲೆಕ್ಕಕ್ಕೆ ಬರುವುದಿಲ್ಲ. ಮಾರ್ನಿ ಪೂರ್ತಿ ಆಳಿನ ಕೆಲಸ ಮಾಡುತ್ತಿಲ್ಲವೆಂದು ಗ್ವೆನ್ ಬಾಯಿಬಿಟ್ಟು ಹೇಳಬೇಕು.

ಕೇಳಿದ ಕೂಡಲೇ ಗ್ವೆನ್ ಕೆಂಡವಾದರಂತೆ. ಕೀವನಾದಲ್ಲೇ ಒಳ್ಳೆಯ ಅಂಚು ಹೆಣೆಯುವವಳನ್ನು ಅರ್ಧ ಆಳು ಎಂದು ಹೇಳುವುದಕ್ಕಿಂತ ಅಂಗಡಿಗೆ ಬೀಗ ಹಾಕುತ್ತೇನೆ ಎಂದರು. ಮಾರ್ನಿಗೂ ಆ ಮಾತು ಗಂಟಲಲ್ಲಿ ಇಳಿಯುವಂಥದ್ದಲ್ಲ. ಕೆಲಸ ಬಿಟ್ಟರೆ ಮತ್ತೆ ಆ ಕಿಟಕಿ, ಆ ಎದುರು ಮನೆಯ ಕಸ. ಮಾಸಾಶನ ಬಿಟ್ಟರೆ, ನಾಳೆ ಬೆಳಗ್ಗೆ ಏಳುವಾಗ ಕಾಲು ನಡೆಯದಿದ್ದರೆ ಗತಿಯೇನು? ಅತ್ತ ದರಿ, ಇತ್ತ ಪುಲಿ. ಸಾಲದ್ದಕ್ಕೆ ಊರ ಬಾಯಿ ಬೇರೆ. ಹೋದ ವಾರ ಗಿರಾಕಿಯೊಬ್ಬ ಇವರಿಗೆ ಕೇಳುವಂತೆಯೇ ಅಂದಿದ್ದ: "ಕೈಕಾಲು ಗಟ್ಟಿಯಾಗೇ ಇದೆ, ಸರ್ಕಾರದ ದುಡ್ಡೂ ಬರುತ್ತೆ. ಪುಣ್ಯವಂತರು." ಅವನ ಪ್ಯಾಸ್ಟಿಯನ್ನು ಕಟ್ಟಿಕೊಟ್ಟದ್ದು ಮಾರ್ನಿಯೇ.

ಎಂಟಕ್ಕೆ ಫೋನು ಬಡಿದುಕೊಳ್ಳುತ್ತದೆ. ಕೈಯೆಲ್ಲ ಹಿಟ್ಟು, ಹಾಗಾಗಿ ಗ್ವೆನ್ ಅದನ್ನು ಹಲಗೆಯ ಮೇಲಿಟ್ಟು ಎಲ್ಲರಿಗೂ ಕೇಳುವಂತೆ ಮಾಡುತ್ತಾರೆ. ಆ ಕಡೆಯ ಹೆಂಗಸಿನ ದನಿ ಮೃದುವಾಗಿದೆ, ಅವಸರವಿಲ್ಲ. ಇದೇ ಕೆಲಸದ ಬೇರೆಯವರಿಗೆ ಹೋಲಿಸಿದರೆ ಮಾರ್ನಿ ಎಷ್ಟು ಕೆಲಸ ಮಾಡುತ್ತಾರೆ ಎಂದು ಕೇಳುತ್ತಾರೆ. ಏನು ಹೇಳಬೇಕೆಂದು ಕೋರಿನ್ ಗ್ವೆನ್‌ಗೆ ವಾರವಿಡೀ ಪಾಠ ಹೇಳಿಕೊಟ್ಟಿದ್ದಾರೆ. ಅಜ್ಜಿಯ ನಾಲಿಗೆ ಮಾತ್ರ ಅಜ್ಜಿಯದೇ.

"ಅವಳಂಥ ಕೈ ಈ ಸೀಮೇಲೇ ಇನ್ನೊಂದಿಲ್ಲ, ತಿಳ್ಕೊಳ್ಳಿ," ಎನ್ನುತ್ತಾರೆ ಗ್ವೆನ್.

ಅಂದರೆ ಇಬ್ಬರ ಕೆಲಸ ಮಾಡುತ್ತಾರೆಯೇ ಎಂದು ಆ ಕಡೆಯಿಂದ ಪ್ರಶ್ನೆ ಬರುತ್ತದೆ. ಗ್ವೆನ್ ಎದೆಯುಬ್ಬಿಸಿ ಬಾಯಿ ತೆರೆಯುತ್ತಾರೆ. ಒಬ್ಬರ ಪ್ರೀತಿ ಇನ್ನೊಬ್ಬರ ಅನ್ನ ಕಿತ್ತುಕೊಳ್ಳುವುದನ್ನು ಕಣ್ಣಾರೆ ನೋಡುವುದು ಬಹಳ ಕಷ್ಟ. ಅಜ್ಜಿ ಮಾತು ಮುಗಿಸುವ ಮೊದಲೇ ಮಾರ್ನಿ ಫೋನನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತಾರೆ.

"ನಾನು ಮಾರ್ನಿ ಮಾತಾಡ್ತಿರೋದು. ತಟ್ಟೆ ಎತ್ತಕ್ಕೆ ನಂಗಾಗಲ್ಲ, ಅದನ್ನ ಡ್ವೇನ್ ಎತ್ತುತ್ತಾರೆ. ಒಲೆ ಹತ್ರ ಹೋಗೋ ಹಾಗಿಲ್ಲ. ಮಧ್ಯೆ ಮಧ್ಯೆ ಹಿಂದಿನ ಕೋಣೇಲಿ ಮಲಗಬೇಕು, ಆ ಹೊತ್ತಿಗೂ ಗ್ವೆನ್ ಸಂಬಳ ಕೊಡ್ತಾರೆ." ಆಮೇಲೆ ಈವರೆಗೆ ಯಾರಿಗೂ ಹೇಳದ್ದನ್ನು ಹೇಳುತ್ತಾರೆ. "ನನ್ನ ಬೆರಳಿಗೆ ಹಿಟ್ಟು ಗೊತ್ತಾಗಲ್ಲ. ಕಣ್ಣಲ್ಲಿ ನೋಡ್ಕೊಂಡು ಹೆಣೀತೀನಿ. ಆದ್ರೆ ಹೆಣೆದದ್ದು ಮಾತ್ರ ಬಿಚ್ಚಿಕೊಳ್ಳಲ್ಲ."

ಫೋನಿನ ಆ ಕಡೆ ಕೀಲಿಮಣೆಯ ಸದ್ದು. ಹೆಣೆಯುವ ಕೆಲಸವನ್ನಾದರೂ ಪೂರ್ತಿಯಾಗಿ, ಯಾರ ಸಹಾಯವೂ ಇಲ್ಲದೆ ಮಾಡುತ್ತೀರಾ ಎಂದು ದನಿ ಕೇಳುತ್ತದೆ. ಮಾಡುತ್ತೇನೆ ಎನ್ನುತ್ತಾರೆ ಮಾರ್ನಿ. ಅವರ ಬಳಿ ಉಳಿದಿರುವ ಒಂದೇ ಹೆಮ್ಮೆ ಅದು.

ಆಗ ಡ್ವೇನ್ ಒಲೆಯ ಬಾಗಿಲು ಮುಚ್ಚಿ ಹಲಗೆಯ ಹತ್ತಿರ ಬರುತ್ತಾರೆ. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದಾರೆ. ಮಾರ್ನಿಯ ಮುಖ ನೋಡುವುದಿಲ್ಲ.

"ಅದು ಹಾಗಲ್ಲಮ್ಮ," ಎಂದು ಫೋನಿಗೆ ಹೇಳುತ್ತಾರೆ. "ಬೆಳಗಿನ ಹೊತ್ತಿಂದು ಬಂಗಾರ. ಕಾವು ಏರಿದ ಮೇಲೆ ಅವಳು ಹೆಣೆದದ್ರಲ್ಲಿ ಮೂರಕ್ಕೆ ಒಂದು ಬಾಯಿ ಬಿಟ್ಕೊಳ್ಳುತ್ತೆ. ಒಲೆಗೆ ಹಾಕೋ ಮುಂಚೆ ನಾನು ಆ ಕಡೆ ತಿರುಗಿ ಮತ್ತೆ ಹೆಣೀತೀನಿ. ಎರಡು ವರ್ಷ ಆಯ್ತು."

ಗ್ವೆನ್ ತಲೆ ತಗ್ಗಿಸುತ್ತಾರೆ. ಅವರಿಗೂ ಗೊತ್ತಿತ್ತೆಂದು ಮಾರ್ನಿಗೆ ಆಗ ಅರ್ಥವಾಗುತ್ತದೆ. ಫೋನಿನ ದನಿ ಈಗ ಚುರುಕಾಗುತ್ತದೆ. ಎಷ್ಟು ಹೊತ್ತು ಹಿಡಿಯುತ್ತದೆ, ದಿನಕ್ಕೆ ಎಷ್ಟು, ಆ ಹೊತ್ತಿನಲ್ಲಿ ನಿಮ್ಮ ಕೆಲಸ ಯಾರು ನೋಡಿಕೊಳ್ಳುತ್ತಾರೆ ಎಂದು ಒಂದರ ಹಿಂದೆ ಒಂದು ಕೇಳುತ್ತದೆ. ಡ್ವೇನ್ ತಪ್ಪೊಪ್ಪಿಕೊಳ್ಳುವವರಂತೆ ಎಲ್ಲಕ್ಕೂ ಉತ್ತರಿಸುತ್ತಾರೆ. ಗ್ವೆನ್ ಕೊನೆಗೂ, ಹಲ್ಲು ಕಚ್ಚಿಕೊಂಡು, ಕಾಲುಭಾಗಕ್ಕಿಂತ ಹೆಚ್ಚು ಕೆಲಸವನ್ನು ಬೇರೆಯವರೇ ಮಾಡುತ್ತಾರೆಂದು ಒಪ್ಪುತ್ತಾರೆ. ಫೋನು ಇಟ್ಟ ಮೇಲೆ ಮಾರ್ನಿ ಹಲಗೆಯ ಕೆಳಗಿಟ್ಟ ಊರುಗೋಲು ತೆಗೆದುಕೊಂಡು ಹಿಂದಿನ ಕೋಣೆಗೆ ಹೋಗುತ್ತಾರೆ. ಆ ದಿನ ಮತ್ತೆ ಹಲಗೆಗೆ ಬರುವುದಿಲ್ಲ.

ಇಲ್ಲಿ ಡ್ವೇನ್‌ರ ಬಗ್ಗೆ ಒಂದು ಮಾತು ಹೇಳಲೇಬೇಕು. ಇಂಥ ಉಪಕಾರ ಮಾಡುವವರು ಅದನ್ನು ಸಾಯುವವರೆಗೂ ಹೇಳಿಕೊಳ್ಳುವುದಿಲ್ಲ. ಡ್ವೇನ್ ಹೇಳಬೇಕಾಯಿತು, ಅದೂ ಯಾರಿಗೆ ಮುಚ್ಚಿಟ್ಟಿದ್ದರೋ ಅವರ ಮುಂದೆಯೇ. ಮಾರ್ನಿ ಒಂದು ವಾರ ಅವರೊಡನೆ ಮಾತಾಡಲಿಲ್ಲ. ಕಿಟಕಿ ತೆರೆದಿದ್ದರೂ ಡ್ವೇನ್ ತುಟಿ ಬಿಚ್ಚಲಿಲ್ಲ.

ಎರಡು ವಾರದ ಮೇಲೆ ಕೋರಿನ್ ಫೋನು ಮಾಡಿ ತಿಳಿಸುತ್ತಾರೆ. ಬೇರೆಯವರು ಮಾಡುವ ಕೆಲಸದ ಪಾಲನ್ನು ಕಳೆದ ಮೇಲೆ ಮಾರ್ನಿಯ ಗಳಿಕೆ ಮಿತಿಯೊಳಗೇ ಇದೆ. ಮಾಸಾಶನ ಉಳಿದಿದೆ, ಕೆಲಸವೂ ಉಳಿದಿದೆ. ತಟ್ಟೆ ಎತ್ತುವುದನ್ನೂ ಮಲಗುವುದನ್ನೂ ಮಾತ್ರ ಲೆಕ್ಕಕ್ಕೆ ಹಿಡಿದಿದ್ದರೆ ಗಳಿಕೆ ಸ್ವಲ್ಪದರಲ್ಲಿ ಮಿತಿ ದಾಟುತ್ತಿತ್ತಂತೆ. ಒಳಗೆ ತಂದದ್ದು ಡ್ವೇನ್‌ರ ಸಾಕ್ಷಿ. ಕೇಳಿ ಗ್ವೆನ್ ಏಪ್ರನ್ನಿನಲ್ಲಿ ಮುಖ ಮುಚ್ಚಿಕೊಂಡು ಅಳುತ್ತಾರೆ. ಮಾರ್ನಿಗೆ ಅಳು ಬರುವುದಿಲ್ಲ. ಈ ಸುದ್ದಿ ಸಿಹಿಯೋ ಕಹಿಯೋ ಎಂದು ಇನ್ನೂ ಗೊತ್ತಾಗುತ್ತಿಲ್ಲ ಎಂದು ಅವರೇ ಹೇಳುತ್ತಾರೆ.

ಮರುದಿನ ಹೊತ್ತೇರಿ ಒಲೆ ಕಾದಿದೆ. ಡ್ವೇನ್ ತಟ್ಟೆ ಎತ್ತಿಕೊಂಡು ಹೊರಡುವಾಗ ಮಾರ್ನಿ ಊರುಗೋಲನ್ನು ಅಡ್ಡ ಹಿಡಿಯುತ್ತಾರೆ. ಇನ್ನು ಮುಂದೆ ನಿಮಗೇನು ಬೇಕು ಎಂದು ಕೇಳಿದರೆ ಅವರು ಇವತ್ತಿಗೂ ಹೇಳುವುದು ಅಂದು ಡ್ವೇನ್‌ಗೆ ಹೇಳಿದ್ದನ್ನೇ.

"ಬಾಯಿ ಬಿಟ್ಕೊಂಡಿದ್ದನ್ನ ಇಲ್ಲೇ ಇಡು. ನಂದನ್ನ ನಾನೇ ಮತ್ತೆ ಹೆಣೀತೀನಿ."

"ಹೊತ್ತು ಹಿಡಿಯುತ್ತೆ ಕಣೇ."

"ಹಿಡೀಲಿ. ನಾನು ಪೂರ್ತಿ ಆಳಲ್ಲ ಅಂತ ಸರ್ಕಾರವೇ ಒಪ್ಪಿದೆ. ಇನ್ನು ನಂಗ್ಯಾತರ ಅವಸರ?"