ಮನೆ ಮುಂದೊಂದು ಗುಂಡಿ, ಹಿಂದೊಂದು

ಇಲ್ಲ, ಹಿತ್ತಲಿನ ಗುಂಡಿಯೇ ಮೊದಲಿರಬೇಕು, ಅಂಗಳದ್ದು ಆಮೇಲಿನದು. ಎರಡಕ್ಕೂ ನಾನೇ ನೀರು ಹಾಕುತ್ತಿದ್ದುದರಿಂದ ಆ ವರ್ಷಗಳು ಒಂದರೊಳಗೊಂದು ಕಲಸಿಹೋಗಿರಬಹುದು. ಬೀದರದಂಚಿನ ನೌಬಾದಿನಲ್ಲಿ ನಾನೊಬ್ಬಳೇ ಇರುವ ಬಾಡಿಗೆ ಮನೆಯ ಕೆಳಗೆ ಮೊನ್ನೆ ಕರೆಂಟಿನವನು ಅರ್ಥಿಂಗ್ ಗುಂಡಿಗೆ ಬಕೆಟ್ ನೀರು ಸುರಿದ. ಉಪ್ಪು, ಇದ್ದಲಿ, ಬಿಸಿಲಿಗೆ ಕಾದ ಕೆಂಪು ಮಣ್ಣು ಒಟ್ಟಿಗೆ ನೆನೆದ ವಾಸನೆ ಮೆಟ್ಟಿಲವರೆಗೆ ಬಂತು. ಬೀದರದ ಹಳೆಯ ಊರಿನೊಳಗಿದ್ದ ನಮ್ಮ ಮನೆ ಈಗಿಲ್ಲ. ಆ ಜಾಗದಲ್ಲಿ ಬೇರೆಯವರ ಮೂರಂತಸ್ತಿನ ಕಟ್ಟಡವಿದೆ. ಆ ವಾಸನೆಗೆ ಇಡೀ ಮನೆ ಎದ್ದು ಬಂತು ಎಂದು ಬರೆದರೆ ಸುಳ್ಳಾಗುತ್ತದೆ. ಬಂದದ್ದು ಒಂದು ಗೋಡೆ, ಗೋಡೆಯ ಬುಡದಲ್ಲಿ ಆಂಪ್ಲಿಫೈಯರ್ ಪೆಟ್ಟಿಗೆ, ಅದರ ಮುಂದೆ ಸೆರಗನ್ನು ತಲೆಯ ಮೇಲೆಳೆದುಕೊಂಡು ಕುಳಿತ ಕಮಲಾ ಅತ್ತೆ. ಅಷ್ಟೇ.

ಅತ್ತೆ ಅಪ್ಪನ ತಂಗಿ. ಔರಾದ ತಾಲೂಕಿನ ಎಕಂಬಾಕ್ಕೆ ಕೊಟ್ಟಿದ್ದರು. ಬೇಸಿಗೆಗೆ ತವರಿಗೆ ಬರುತ್ತಿದ್ದಳು. ನಾನು ಹುಟ್ಟುವ ಮೊದಲೇ ತೀರಿಹೋದ ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಬೀಸುವಾಗ ಹೇಳುತ್ತಿದ್ದ ಹಾಡುಗಳು ಅತ್ತೆಯ ಬಾಯಲ್ಲಿ ಮಾತ್ರ ಉಳಿದಿದ್ದವು. ಅಪ್ಪ ಚಿಕ್ಕಂದಿನಲ್ಲೇ ಹಾಸ್ಟೆಲ್ ಸೇರಿದವನು, ಅವನಿಗೆ ಒಂದೂ ಬರುತ್ತಿರಲಿಲ್ಲ. ದಿನವೂ ಬಸ್ಸಿನಲ್ಲಿ ಭಾಲ್ಕಿಗೆ ಹೋಗಿ ಬ್ಯಾಂಕಿನಲ್ಲಿ ದುಡಿಯುತ್ತಿದ್ದ ಅವನು ಆಂಪ್ಲಿಫೈಯರು, ಟೇಪ್ ರೆಕಾರ್ಡರು, ಮೈಕು ಒಂದೊಂದಾಗಿ ಕೂಡಿಸಿದ್ದು ಆ ಹಾಡುಗಳನ್ನು ತುಂಬಿಸಿಡಲಿಕ್ಕೆ. ಆದರೆ ಸ್ವಿಚ್ ಹಾಕಿದ ಕೂಡಲೇ ಸ್ಪೀಕರಿನಲ್ಲಿ ಗುಂಯ್ ಎಂಬ ಸದ್ದು ಏಳುತ್ತಿತ್ತು, ತಗ್ಗು ದನಿಯ, ಉಸಿರು ತೆಗೆದುಕೊಳ್ಳದ ಸದ್ದು. ಹಳೆಯ ಮನೆಯ ವೈರಿಂಗಿನಲ್ಲಿ ನೆಲಕ್ಕೆ ಹೋಗುವ ತಂತಿಯೇ ಇರಲಿಲ್ಲ. ಅತ್ತೆ ಪೆಟ್ಟಿಗೆಯ ಮೇಲೆ ಕೈಯಿಟ್ಟರೆ ಸದ್ದು ಇಳಿಯುತ್ತಿತ್ತು; ಬೆರಳು ಜುಮ್ಮೆಂದು ಕೈ ತೆಗೆದರೆ ಮತ್ತೆ ಏರುತ್ತಿತ್ತು.

“ಅಣ್ಣಾ, ನನ್ಕಿಂತ ಮೊದಲ ಇದೇ ಸುರು ಮಾಡ್ಯದ. ಈ ಸಲ ಇದರ ಹಾಡೇ ತುಂಬ್ಕೊ,” ಎಂದಳು ಅತ್ತೆ.

“ತಡಿ ಕಮಲಾ. ಅವ್ವನ ಹಾಡವ ಇವು. ಹೊಲಸು ಮಾಡಿ ಇಡ್ಲೇನು?” ಎಂದ ಅಪ್ಪ.

ಪಕ್ಕದ ಮನೆಯಲ್ಲಿ ಬ್ಯಾಟರಿ ಶೆಲ್ಲು ಹಾಕುವ ಸಣ್ಣ ಟೇಪ್ ಇತ್ತು, ಅದು ಗುಂಯ್ಗುಡುತ್ತಿರಲಿಲ್ಲ. ಅದರಲ್ಲಿ ತುಂಬಿಸಿದ ದನಿ ತಗಡು ಬಡಿದಂತೆ ಕೇಳುತ್ತದೆಂದು ಅಪ್ಪ ಒಲ್ಲೆ ಎಂದ. ಹಿತ್ತಲಿನಲ್ಲಿ ಹಾರಿಯಿಂದ ಕಲ್ಲಿನಂಥ ಕೆಂಪು ನೆಲ ಅಗಿಸಿ, ತಾಮ್ರದ ತಗಡು ನಿಲ್ಲಿಸಿ, ಸುತ್ತ ಉಪ್ಪು ಇದ್ದಲಿ ತುಂಬಿಸಿ, ಅಲ್ಲಿಂದ ಒಳಗೆ ತಂತಿ ಎಳೆಸಿದ. ನಮ್ಮ ನೆಲ ನೀರು ಹಿಡಿಯುವುದಿಲ್ಲ. ಒಣಗಗೊಡಬಾರದೆಂದು ದಿನವೂ ಸಂಜೆ ಒಂದು ಕೊಡ ಹಾಕುವುದು ನನ್ನ ಪಾಲಿಗೆ ಬಂತು. ಸದ್ದು ಬಹಳ ತಗ್ಗಿತು. ಒಂದೆಳೆ ಮಾತ್ರ ಉಳಿಯಿತು. ಆ ಒಂದೆಳೆಯ ಮೇಲೆಯೇ ತುಂಬಿಸಿಬಿಟ್ಟಿದ್ದರೆ ಎಂದು ಈಗ ಅನ್ನಿಸುತ್ತದೆ. ಒಂದು ಗುಂಡಿಗೆ ಇಷ್ಟು ಸದ್ದು ಹೋದರೆ ಇನ್ನೊಂದಕ್ಕೆ ಉಳಿದದ್ದೂ ಹೋಗುತ್ತದೆಂದು ಅಪ್ಪ ಲೆಕ್ಕ ಹಾಕಿದ. ಮುಂದಿನ ಬೇಸಿಗೆಗೆ ಅಂಗಳದಲ್ಲೂ ಅಗಿಸಿ, ಆಂಪ್ಲಿಫೈಯರನ್ನು ಹಿಂದಿನ ಗುಂಡಿಗೆ, ಟೇಪನ್ನು ಮುಂದಿನದಕ್ಕೆ ಜೋಡಿಸಿದ. “ಮನಿ ಮುಂದೊಂದು ಕುಣಿ, ಹಿಂದೊಂದು ಕುಣಿ. ಯಾರಿಗಿ ಹೂಳ್ತೀರಿ?” ಎಂದು ಅವ್ವ ರೊಟ್ಟಿ ಬಡಿಯುತ್ತಲೇ ಕೇಳಿದಳು. ಸದ್ದು ಮೊದಲಿಗಿಂತ ದಪ್ಪವಾಯಿತು. ಅಪ್ಪ ಟ್ಯೂಬ್‌ಲೈಟಿನ ಚೋಕ್ ಬದಲಿಸಿದ, ಫ್ರಿಜ್ ಆರಿಸಿದ, ಕರೆಂಟಿನ ತಂತಿಯನ್ನು ಮೈಕಿನ ತಂತಿಯಿಂದ ದೂರ ಸರಿಸಿದ. ಪ್ರತಿ ಸಲವೂ ಅತ್ತೆ ಸೆರಗು ಎಳೆದುಕೊಂಡು ಕೂಡುವಳು. ಪ್ರತಿ ಸಲವೂ ಅಪ್ಪ ತಲೆ ಅಲ್ಲಾಡಿಸಿದ ಮೇಲೆ ಎದ್ದು ಅಡುಗೆಮನೆಗೆ ಹೋಗುವಳು. ಅಲ್ಲಿ ಅವಳು ಹಾಡುತ್ತಿದ್ದಿರಬೇಕು. ಹಾಡುತ್ತಿದ್ದಳೆಂದು ಅವ್ವನೂ ಹೇಳುತ್ತಿದ್ದಳು. ನನ್ನ ನೆನಪಿನಲ್ಲಿ ಅವಳ ಬಾಯಿ ಆಡುತ್ತದೆ, ದನಿ ಇಲ್ಲ. ಆ ಗುಂಯ್ ಮಾತ್ರ ಯಾವ ಶ್ರುತಿಯಲ್ಲಿತ್ತೆಂದು ಕೇಳಿದರೆ ಈಗಲೂ ಮೂಗಿನಲ್ಲಿ ಹಿಡಿದು ತೋರಿಸಬಲ್ಲೆ. ನಿಮ್ಮ ಮನೆಯವರಲ್ಲೂ ಹೀಗೆ ಒಬ್ಬರು ಸದ್ದಿಲ್ಲದೆ ಉಳಿದಿರಬಹುದು.

ಎರಡೋ ಮೂರೋ ಬೇಸಿಗೆ ಕಳೆದ ಮೇಲೆ ಸೊಲ್ಲಾಪುರದಲ್ಲಿ ಅತ್ತೆಯ ಗಂಟಲಿಗೆ ಆಪರೇಷನ್ ಆಯಿತು. ಜೀವ ಉಳಿಯಿತು, ದನಿ ಉಳಿಯಲಿಲ್ಲ. ಸುಧಾರಿಸಿಕೊಳ್ಳಲಿಕ್ಕೆ ನಮ್ಮ ಮನೆಗೆ ಕರೆತಂದರು. ಕುತ್ತಿಗೆಗೆ ಬಟ್ಟೆ ಸುತ್ತಿಕೊಂಡು ಮಂಚದ ಮೇಲೆ ಕುಳಿತಿರುತ್ತಿದ್ದಳು. ಆಗ ಒಂದು ದಿನ ನಡುಮನೆಯ ಪ್ಲಗ್ ಸುಟ್ಟುಹೋಯಿತು. ಬೇರೆ ದಾರಿಯಿಲ್ಲದೆ ಅಪ್ಪ ಎರಡೂ ಪೆಟ್ಟಿಗೆಗಳನ್ನು ಒಂದೇ ಬೋರ್ಡಿಗೆ, ಅಂದರೆ ಹಿಂದಿನ ಗುಂಡಿಯೊಂದಕ್ಕೇ, ಹಾಕಿದ. ಸ್ವಿಚ್ ಒತ್ತಿದ. ಏನೂ ಕೇಳಿಸಲಿಲ್ಲ. ಕೆಟ್ಟಿತೇನೋ ಎಂದುಕೊಂಡು ಮೈಕನ್ನು ಉಗುರಿನಿಂದ ತಟ್ಟಿದ. ಸ್ಪೀಕರು ಟಕ್ ಎಂದಿತು. ಮೊದಲು ಉಳಿದಿದ್ದ ಒಂದೆಳೆ ಚೋಕು, ತಂತಿ ಸರಿಪಡಿಸಿದಾಗಲೇ ಹೋಗಿತ್ತು, ಆಮೇಲಿನದೆಲ್ಲ ಎರಡು ಗುಂಡಿಗಳ ನಡುವೆ ಸುತ್ತು ಹಾಕುತ್ತಿದ್ದ ಕರೆಂಟಿನ ಸದ್ದು, ಒಂದೇ ಗುಂಡಿ ಸಾಕಿತ್ತು ಎಂಬುದು ಅವನಿಗೆ ತಿಳಿದದ್ದು ಆಗ. ನಾನು ಅವನ ಮುಖ ನೋಡಲಿಲ್ಲ. ನೋಡಿದ್ದೆನೆಂದು ಬಹಳ ವರ್ಷ ಹೇಳಿಕೊಂಡು ಬಂದಿದ್ದೆ, ನೋಡಲಿಲ್ಲ.

“ಸುಮ್ಮನಾಯ್ತು ನೋಡವ್ವಾ,” ಎಂದ ಅತ್ತೆಗೆ, ಬಹಳ ಮೆಲ್ಲಗೆ.

ಅತ್ತೆ ಮಂಚದಿಂದ ಇಳಿದು ಬಂದಳು. ಮೈಕಿನ ಮುಂದೆ ಕುಳಿತು ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಅಪ್ಪನಿಗೆ ಬೇಡ ಎನ್ನಲಾಗಲಿಲ್ಲ, ಟೇಪಿನ ರೆಕಾರ್ಡ್ ಬಟನ್ ಒತ್ತಿದ. ಕ್ಯಾಸೆಟ್ಟಿನ ಒಂದು ಬದಿ ಮುಗಿಯುವವರೆಗೆ ನಾವು ನಾಲ್ವರೂ ಅಲ್ಲಾಡಲಿಲ್ಲ. ಅವಳ ತುಟಿ ಆಡುತ್ತಿತ್ತು ಎನ್ನುತ್ತೇನೆ ನಾನು. ಇಲ್ಲ, ಸುಮ್ಮನೆ ಕುಳಿತಿದ್ದಳು ಎನ್ನುತ್ತಿದ್ದಳು ಅವ್ವ. ಈಗ ಕೇಳಿ ನೋಡೋಣವೆಂದರೆ ಆ ಮೂವರೂ ಇಲ್ಲ.

ಆ ಕ್ಯಾಸೆಟ್ ನನ್ನ ಹತ್ತಿರ ಇದೆ. ಹಾಕಿದರೆ ಬಹಳ ಶುದ್ಧವಾದ ಮೌನ. ಎಲ್ಲೋ ನಡುವೆ ಬಳೆಯೋ ಏನೋ ಒಂದು ಸಲ. ಒಮ್ಮೆ ಎಕಂಬಾಕ್ಕೂ ಹೋಗಿದ್ದೆ. ಅತ್ತೆಯ ವಾರಿಗೆಯ ಇಬ್ಬರು ಹೆಂಗಸರು ಕಟ್ಟೆಯ ಮೇಲೆ ಕೂರಿಸಿಕೊಂಡು, ಚಹಾ ಕುಡಿಸಿ, ನೆನಪಿದ್ದ ಬೀಸುವ ಹಾಡುಗಳನ್ನೆಲ್ಲ ಹೇಳಿದರು. ಕಮಲವ್ವ ಹೇಳುತ್ತಿದ್ದುದು ಇದೇ ಎಂದು ಒಬ್ಬಳು, ಇದಲ್ಲ ಬಿಡು ಎಂದು ಇನ್ನೊಬ್ಬಳು. ಇಬ್ಬರೂ ನನ್ನ ಕಡೆ ನೋಡಿದರು, ನಾನು ತೀರ್ಮಾನಿಸಲಿ ಎಂಬಂತೆ. ನನಗೆ ಯಾವುದರ ಗುರುತೂ ಸಿಗಲಿಲ್ಲ. ಆ ದಿನ ಮೈಕಿನ ಮುಂದೆ ಅತ್ತೆ ಹಾಡು ಹೇಳಿದಳೋ ಇಲ್ಲವೋ, ಹೇಳಿದ್ದರೆ ಯಾವುದನ್ನು ಹೇಳಿದಳೋ, ನನಗೆ ಗೊತ್ತಿಲ್ಲ.